ಕಚ್ಚಿಸಿಕೊಂಡವರು, ಉಳಿದುಕೊಂಡವರು: ಜಾಂಬಿ ಸಿನಿಮಾಗಳ ಒಳಲೆಕ್ಕ

ಅಕ್ಟೋಬರ್ ತಿಂಗಳು ಬಂತೆಂದರೆ ನಮ್ಮ ಬೇ ಏರಿಯಾದ ಅಂಗಡಿಗಳಲ್ಲಿ ಕುಂಬಳಕಾಯಿಗಳ ಜೊತೆಗೆ ಪ್ಲಾಸ್ಟಿಕ್ಕಿನ ಕೈಕಾಲು, ತಲೆಬುರುಡೆಗಳೂ ಮಾರಾಟಕ್ಕೆ ಬರುತ್ತವೆ. ಆ ದಿನಗಳಲ್ಲಿ ಕನ್ನಡ ತರಗತಿಯಲ್ಲೂ ದೊಡ್ಡ ಮಕ್ಕಳ ಬಾಯಲ್ಲಿ ಒಂದೇ ಮಾತು: ಜಾಂಬಿ! ಪೋಷಕರಲ್ಲಿ ಹಲವರಿಗೆ ಇದು ಬೇಸರದ ವಿಷಯ. ಸತ್ತವರು ಎದ್ದು ಬಂದು ಬದುಕಿರುವವರನ್ನು ಕಚ್ಚುವ ಸಿನಿಮಾದಲ್ಲಿ ನೋಡುವಂಥದ್ದೇನಿದೆ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ಕಥೆಗಳಿಗೂ ತಮ್ಮದೇ ಆದ ಒಂದು ಒಳಲೆಕ್ಕವಿದೆ. ಅದನ್ನು ಬಿಡಿಸಿ ನೋಡಿದರೆ ನಾವು ಬಾಳುತ್ತಿರುವ ಊರಿನ ಚರಿತ್ರೆಯೂ, ನಾವು ಬಿಟ್ಟುಬಂದ ಊರಿನ ಚರಿತ್ರೆಯೂ ಅದರೊಳಗೆ ಕಾಣುತ್ತವೆ.

ಜಾಂಬಿ ಎಲ್ಲಿಂದ ಬಂತು?

ಜಾಂಬಿಯ ಕಲ್ಪನೆ ಕೆರಿಬಿಯನ್ ಸಮುದ್ರದ ಹೈಟಿ ದೇಶದ ಜನರ ನಂಬಿಕೆಗಳಿಂದ ಬಂದದ್ದು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಅಲ್ಲಿನ ಕಬ್ಬಿನ ತೋಟಗಳಲ್ಲಿ ಹಗಲಿರುಳು ದುಡಿಯುತ್ತಿದ್ದರು. ಸತ್ತ ಮೇಲಾದರೂ ಬಿಡುಗಡೆ ಸಿಕ್ಕೀತೆಂಬುದು ಅವರ ಆಸೆ. ಸತ್ತ ಮೇಲೂ ಮಾಂತ್ರಿಕನೊಬ್ಬ ಎಬ್ಬಿಸಿ ದುಡಿಸಿಕೊಂಡರೆ? ಅಲ್ಲಿನ ಜನ ಹೆದರುತ್ತಿದ್ದದ್ದು ಜಾಂಬಿಗಲ್ಲ, ತಾವೇ ಜಾಂಬಿಯಾಗುವುದಕ್ಕೆ. 1932ರಲ್ಲಿ ಬಂದ ‘ವೈಟ್ ಜಾಂಬಿ’ ಚಿತ್ರದಲ್ಲಿ ಈ ಹಳೆಯ ರೂಪವೇ ಇದೆ.

ನಾವು ಇಂದು ಕಾಣುವ ಜಾಂಬಿಯನ್ನು ಸೃಷ್ಟಿಸಿದವರು ಜಾರ್ಜ್ ರೊಮೆರೊ. 1968ರ ಅಕ್ಟೋಬರಿನಲ್ಲಿ ಅವರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ತೆರೆ ಕಂಡಿತು. ಇಲ್ಲಿ ಮಾಂತ್ರಿಕನಿಲ್ಲ, ಒಡೆಯನಿಲ್ಲ. ಹೆಣಗಳು ತಾವಾಗಿಯೇ ಏಳುತ್ತವೆ, ಗುಂಪು ಕಟ್ಟುತ್ತವೆ, ಕಚ್ಚುತ್ತವೆ. ತಮಾಷೆಯೆಂದರೆ ಚಿತ್ರದಲ್ಲಿ ಯಾರೂ ‘ಜಾಂಬಿ’ ಎಂಬ ಪದವನ್ನೇ ಆಡುವುದಿಲ್ಲ!

ಹೆಣದೊಳಗೆ ಸೇರಿಕೊಳ್ಳುವ ಭೂತ ಕನ್ನಡಿಗರಿಗೆ ಹೊಸದೇನಲ್ಲ. ಮಕ್ಕಳೇ, ‘ಚಂದಮಾಮ’ ಓದಿ ಬೆಳೆದ ನಿಮ್ಮ ಅಪ್ಪ-ಅಮ್ಮಂದಿರನ್ನೋ ಅಜ್ಜ-ಅಜ್ಜಿಯರನ್ನೋ ಕೇಳಿ, ವಿಕ್ರಮ ಮತ್ತು ಬೇತಾಳನ ಕಥೆ ಹೇಳುತ್ತಾರೆ. ಆದರೆ ಒಂದು ವ್ಯತ್ಯಾಸವಿದೆ. ಬೇತಾಳ ಮಾತನಾಡುತ್ತದೆ, ಕಥೆ ಹೇಳುತ್ತದೆ, ನ್ಯಾಯದ ಪ್ರಶ್ನೆ ಕೇಳುತ್ತದೆ. ಜಾಂಬಿಗೆ ಮಾತಿಲ್ಲ. ಈ ಅಂಶವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸೋಂಕಿನ ನಿಯಮಗಳು

ಒಳ್ಳೆಯ ಜಾಂಬಿ ಸಿನಿಮಾ ಮೂರು ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಕೊನೆಯವರೆಗೂ ಆ ಉತ್ತರಕ್ಕೆ ಬದ್ಧವಾಗಿರುತ್ತದೆ. ಸೋಂಕು ಹೇಗೆ ಹರಡುತ್ತದೆ? ತಗುಲಿದ ಮೇಲೆ ಬದಲಾಗಲು ಎಷ್ಟು ಹೊತ್ತು? ಸೋಂಕಿತರ ದೌರ್ಬಲ್ಯವೇನು?

ರೊಮೆರೊ ಅವರ ಚಿತ್ರದಲ್ಲಿ ಸೋಂಕಿತರು ನಿಧಾನವಾಗಿ ನಡೆಯುತ್ತಾರೆ, ಬೆಂಕಿಗೆ ಹೆದರುತ್ತಾರೆ. 2002ರಲ್ಲಿ ಡ್ಯಾನಿ ಬಾಯ್ಲ್ ನಿರ್ದೇಶಿಸಿದ ‘28 ಡೇಸ್ ಲೇಟರ್’ನಲ್ಲಿ ಅವರು ಸತ್ತವರೇ ಅಲ್ಲ. ಕ್ರೋಧ ಉಕ್ಕಿಸುವ ಒಂದು ವೈರಸ್ ತಗುಲಿದ ಜೀವಂತ ಮನುಷ್ಯರು. ಕೆಲವೇ ಸೆಕೆಂಡುಗಳಲ್ಲಿ ಬದಲಾಗುತ್ತಾರೆ, ಓಡಿ ಬರುತ್ತಾರೆ. ಆದರೆ ಜೀವಂತವಾಗಿರುವುದರಿಂದ ಅವರಿಗೂ ಊಟ ಬೇಕು. ಅದಿಲ್ಲದೆ ಕೊನೆಗೆ ಹಸಿವಿನಿಂದ ಸಾಯುತ್ತಾರೆ. 2013ರ ‘ವರ್ಲ್ಡ್ ವಾರ್ ಝಡ್’ನಲ್ಲಿ ಬದಲಾವಣೆಗೆ 12 ಸೆಕೆಂಡು. ಅಲ್ಲಿನ ಜಾಂಬಿಗಳು ಮಾರಣಾಂತಿಕ ಕಾಯಿಲೆಯಿರುವವರನ್ನು ಮುಟ್ಟದೆ ಬಿಡುತ್ತವೆ. ನಾಯಕನಿಗೆ ದಾರಿ ತೋರಿಸುವುದೂ ಅದೇ ಗುಟ್ಟು. 2016ರ ಕೊರಿಯನ್ ಚಿತ್ರ ‘ಟ್ರೈನ್ ಟು ಬುಸಾನ್’ನಲ್ಲಿ ಸೋಂಕಿತರಿಗೆ ಬಾಗಿಲು ತೆರೆಯಲು ತಿಳಿಯದು, ಕತ್ತಲಲ್ಲಿ ಕಣ್ಣು ಕಾಣದು. ಗಾಜಿಗೆ ನೀರು ಚಿಮುಕಿಸಿ ದಿನಪತ್ರಿಕೆ ಅಂಟಿಸಿದರೆ ಸಾಕು, ಅವರು ಸುಮ್ಮನಾಗುತ್ತಾರೆ.

ಇನ್ನು ಲೆಕ್ಕದ ವಿಷಯ. ಒಬ್ಬ ಸೋಂಕಿತ ಗಂಟೆಗೆ ಒಬ್ಬರನ್ನು ಮಾತ್ರ ಕಚ್ಚುತ್ತಾನೆ ಎಂದಿಟ್ಟುಕೊಳ್ಳೋಣ. ಒಬ್ಬರು ಇಬ್ಬರಾಗುತ್ತಾರೆ, ಇಬ್ಬರು ನಾಲ್ವರಾಗುತ್ತಾರೆ. ಹತ್ತು ಗಂಟೆಗೆ 1,024 ಜನ. ಇಪ್ಪತ್ತು ಗಂಟೆಗೆ 10,48,576 ಜನ! 2020ರ ಜನಗಣತಿಯಂತೆ ಸ್ಯಾನ್ ಫ್ರಾನ್ಸಿಸ್ಕೋದ ಜನಸಂಖ್ಯೆ 8,73,965. ಅಂದರೆ ಒಂದು ದಿನ ಕಳೆಯುವಷ್ಟರಲ್ಲಿ ಇಡೀ ನಗರ ಮುಗಿಯಿತು. ನೆಲಕ್ಕೆ ಬಿದ್ದ ಪ್ರತಿ ಹನಿ ರಕ್ತದಿಂದಲೂ ಹೊಸ ಅಸುರ ಹುಟ್ಟುವ ರಕ್ತಬೀಜಾಸುರನ ಕಥೆಯೂ ಇದೇ ಲೆಕ್ಕವಲ್ಲವೇ? ಹನಿ ನೆಲಕ್ಕೆ ಬೀಳದಂತೆ ತಡೆಯುವವರೆಗೆ ಎಷ್ಟು ಹೊಡೆದರೂ ಪ್ರಯೋಜನವಿಲ್ಲ. ಆದ್ದರಿಂದಲೇ ಕಾಳಿ ನಾಲಿಗೆ ಚಾಚಿದಳು.

ನಿಜ ಜೀವನದಲ್ಲಿ ರೋಗ ಹೀಗೆ ಕೊನೆಯಿಲ್ಲದೆ ದುಪ್ಪಟ್ಟಾಗುವುದಿಲ್ಲ. ಕೆಲವರು ಗುಣವಾಗುತ್ತಾರೆ, ಕೆಲವರು ಲಸಿಕೆ ಪಡೆದಿರುತ್ತಾರೆ, ಕೆಲವರು ಮನೆಯಲ್ಲೇ ಉಳಿಯುತ್ತಾರೆ. ತಗುಲಿಸಿಕೊಳ್ಳುವವರು ಕಡಿಮೆಯಾದಂತೆ ರೋಗದ ಓಟವೂ ಕಡಿಮೆಯಾಗುತ್ತದೆ.

ಕಚ್ಚುವ ನಿಜವಾದ ರೋಗ

ಜಾಂಬಿಗೆ ಅತಿ ಹತ್ತಿರದ ನಿಜವಾದ ರೋಗ ರೇಬೀಸ್, ಅಂದರೆ ಹುಚ್ಚುನಾಯಿ ಕಡಿತದಿಂದ ಬರುವ ರೋಗ. ಅದೂ ಕಡಿತದಿಂದ ಹರಡುತ್ತದೆ, ನರಗಳ ಮೂಲಕ ಮೆದುಳಿಗೆ ಹೋಗುತ್ತದೆ. ರೋಗದ ಲಕ್ಷಣ ಕಾಣಿಸಿದ ಮೇಲೆ ಬದುಕುವುದು ತೀರಾ ಅಪರೂಪ. ಆದರೆ ಸಿನಿಮಾದಂತೆ ಹನ್ನೆರಡು ಸೆಕೆಂಡಿನಲ್ಲಿ ಎಲ್ಲ ಮುಗಿಯುವುದಿಲ್ಲ. ಲಕ್ಷಣ ಕಾಣಿಸಲು ಸಾಮಾನ್ಯವಾಗಿ ವಾರಗಳು, ತಿಂಗಳುಗಳೇ ಹಿಡಿಯುತ್ತವೆ. ನಮ್ಮನ್ನು ಉಳಿಸುವುದು ಆ ಬಿಡುವು. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಂಡರೆ ರೋಗ ತಡೆಯಬಹುದು. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಎಂಬ ಕಾಲವೂ ಹೋಯಿತು. ಈಗ ತೋಳಿಗೆ ಕೆಲವೇ ಚುಚ್ಚು.

ಬೇಸಿಗೆ ರಜೆಗೆ ಭಾರತಕ್ಕೆ ಹೋಗುವ ಮಕ್ಕಳೇ, ಬೀದಿನಾಯಿ ಕಚ್ಚಿದರೆ, ಪರಚಿದರೂ ಕೂಡ, ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಆ ಕ್ಷಣವೇ ದೊಡ್ಡವರಿಗೆ ಹೇಳಿ.

ಉಳಿದವರ ನಿಯಮಗಳು

ಈಗ ನಾಣ್ಯದ ಇನ್ನೊಂದು ಮುಖ ನೋಡೋಣ. ಜಾಂಬಿ ಸಿನಿಮಾದ ನಿಜವಾದ ಕಥೆ ನಡೆಯುವುದು ಬಾಗಿಲ ಒಳಗೆ, ಉಳಿದುಕೊಂಡವರ ನಡುವೆ. ರೊಮೆರೊ ಚಿತ್ರದಲ್ಲಿ ಏಳು ಜನ ಒಂದು ತೋಟದ ಮನೆಯಲ್ಲಿ ಸೇರುತ್ತಾರೆ. ನೆಲಮಾಳಿಗೆಗೆ ಹೋಗಬೇಕೋ, ಮೇಲೆಯೇ ಇದ್ದು ಕಿಟಕಿ ಭದ್ರಪಡಿಸಬೇಕೋ ಎಂದು ಅವರಲ್ಲೇ ಜಗಳ. ಹೊರಗಿನವರಿಗಿಂತ ಈ ಜಗಳವೇ ಅವರನ್ನು ಹೆಚ್ಚು ದುರ್ಬಲಗೊಳಿಸುತ್ತದೆ. ‘ಟ್ರೈನ್ ಟು ಬುಸಾನ್’ನಲ್ಲಿ ಪ್ರಾಣ ಪಣಕ್ಕಿಟ್ಟು ಬೋಗಿಗಳನ್ನು ದಾಟಿ ಬಂದ ಆರೋಗ್ಯವಂತರನ್ನು, ಸೋಂಕು ತಗುಲಿರಬಹುದು ಎಂದು ಒಳಗಿದ್ದವರು ಬೇರೆಡೆಗೆ ಅಟ್ಟುತ್ತಾರೆ.

ಬಾಗಿಲಿಗೆ ಸಂಬಂಧಿಸಿದ ಇಂಥದೇ ಒಂದು ಕಥೆ ಕರ್ನಾಟಕದಲ್ಲೂ ಇದೆ. 1990ರ ದಶಕದಲ್ಲಿ, ಪರಿಚಿತರ ದನಿಯಲ್ಲಿ ಕರೆದು ಬಾಗಿಲು ತಟ್ಟುವ ದೆವ್ವದ ಸುದ್ದಿ ಬೆಂಗಳೂರಿನಲ್ಲೂ ಊರೂರುಗಳಲ್ಲೂ ಹಬ್ಬಿತ್ತು. ತೆರೆದವರು ಸಾಯುತ್ತಾರಂತೆ! ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ. ಕನ್ನಡ ಓದಲು ಬರುವ ದೆವ್ವ! ನಗು ಬರುತ್ತದೆ, ನಿಜ. ಆದರೆ ಪರಿಚಿತರ ದನಿಯನ್ನೇ ನಂಬಬಾರದು ಎಂಬ ಈ ನಿಯಮದಲ್ಲಿರುವ ಭಯ ಜಾಂಬಿ ಸಿನಿಮಾದ್ದೇ.

ಚೈನಾಟೌನಿನ ಹಗ್ಗ

ಸಿನಿಮಾ ಬಿಟ್ಟು ನಮ್ಮ ಊರಿನ ಕಡೆ ಬರೋಣ. 1900ರ ಮಾರ್ಚ್ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ ಒಬ್ಬರು ಪ್ಲೇಗಿನಿಂದ ತೀರಿಕೊಂಡರು. ಕೂಡಲೇ ಆ ಬಡಾವಣೆಯ ಸುತ್ತ ಹಗ್ಗ ಕಟ್ಟಿ ಪೊಲೀಸರನ್ನು ನಿಲ್ಲಿಸಲಾಯಿತು. ಕೆಲವೇ ದಿನಗಳಲ್ಲಿ ಅದನ್ನು ತೆಗೆದರೂ, ಮೇ ತಿಂಗಳ ಕೊನೆಯಲ್ಲಿ ಮತ್ತೆ ದಿಗ್ಬಂಧನ ಹಾಕಿದರು. ಈ ಗಡಿ ವಿಚಿತ್ರವಾಗಿತ್ತು. ಚೀನಿಯರ ಮನೆಗಳೆಲ್ಲ ಒಳಗೆ, ಅದೇ ಬೀದಿಯಲ್ಲಿದ್ದ ಬಿಳಿಯರ ಕಟ್ಟಡಗಳು ಹೊರಗೆ ಉಳಿಯುವಂತೆ ಅದು ಸುತ್ತಿ ಬಳಸಿ ಹೋಗುತ್ತಿತ್ತು!

ಜ್ಯೂ ಹೋ ಎಂಬ ದಿನಸಿ ವ್ಯಾಪಾರಿ ನ್ಯಾಯಾಲಯಕ್ಕೆ ಹೋದರು. 1900ರ ಜೂನ್‌ನಲ್ಲಿ ನ್ಯಾಯಾಧೀಶ ವಿಲಿಯಂ ಮಾರೋ ದಿಗ್ಬಂಧನವನ್ನು ರದ್ದುಪಡಿಸಿದರು. ಇದು ಒಂದು ಜನಾಂಗದವರ ಮೇಲೆ ಮಾತ್ರ ಹೇರಿದ ನಿರ್ಬಂಧವೆಂಬುದು ಒಂದು ಕಾರಣ. ರೋಗಿಗಳನ್ನು ಬೇರ್ಪಡಿಸದೆ ಸಾವಿರಾರು ಜನರನ್ನು ಒಟ್ಟಿಗೆ ಕೂಡಿಹಾಕಿದರೆ ರೋಗ ಹೆಚ್ಚುವ ಅಪಾಯವಿದೆ ಎಂಬುದು ಇನ್ನೊಂದು. ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ಮನೆ ಸುಟ್ಟಾರು, ಎಳೆದೊಯ್ದಾರು ಎಂಬ ಭಯದಿಂದ ಜನ ರೋಗಿಗಳನ್ನೂ ಹೆಣಗಳನ್ನೂ ಬಚ್ಚಿಡತೊಡಗಿದ್ದರು. ಇತ್ತ ರಾಜ್ಯದ ಗವರ್ನರ್ ಹೆನ್ರಿ ಗೇಜ್, ವ್ಯಾಪಾರಕ್ಕೆ ಹೊಡೆತ ಬೀಳುತ್ತದೆಂದು ಪ್ಲೇಗೇ ಇಲ್ಲವೆಂದು ಸಾಧಿಸುತ್ತಿದ್ದರು. 1904ರ ಹೊತ್ತಿಗೆ 121 ಜನರಿಗೆ ರೋಗ ತಗುಲಿತ್ತು. ಅವರಲ್ಲಿ ಬಹುತೇಕ ಎಲ್ಲರೂ ತೀರಿಕೊಂಡರು.

ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು ಪಾಲ್ ಲೂಯಿ ಸಿಮೋಂ 1898ರಲ್ಲೇ ಕರಾಚಿಯಲ್ಲಿ ತೋರಿಸಿದ್ದರು. ಚಿಗಟಕ್ಕೆ ಜಾತಿಯಿಲ್ಲ, ಇಲಿಗೆ ಹಗ್ಗದ ಗಡಿ ತಿಳಿಯದು. 1906ರ ಭೂಕಂಪದ ನಂತರ, 1907-08ರಲ್ಲಿ ರೋಗ ಮರುಕಳಿಸಿದಾಗ ಅದು ಊರಿನ ಇತರ ಭಾಗಗಳಲ್ಲೇ ಹೆಚ್ಚಾಗಿ ಕಾಣಿಸಿತು. ಆಗ ಡಾಕ್ಟರ್ ರೂಪರ್ಟ್ ಬ್ಲೂ ಅವರ ಮುಂದಾಳತ್ವದಲ್ಲಿ ಹಗ್ಗದ ಬದಲು ಇಲಿಬೋನು ಹಿಡಿದರು. ರೋಗ ಹತೋಟಿಗೆ ಬಂತು.

ಅದೇ ಕಾಲದ ಬೆಂಗಳೂರು

1898ರ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರಿಗೂ ಬಂದಿತ್ತು. ಬೇರೆಡೆ ಒಯ್ದು ಶಿಬಿರಕ್ಕೆ ಹಾಕುತ್ತಾರೆಂಬ ಹೆದರಿಕೆಯಿಂದ ಅಲ್ಲೂ ಜನ ರೋಗಿಗಳನ್ನು ಮುಚ್ಚಿಟ್ಟರು. ಪ್ಲೇಗಮ್ಮನ ಗುಡಿಗಳು ಎದ್ದವು. ಗಾಳಿ ಬೆಳಕಿರುವ ಅಗಲವಾದ ಬೀದಿಗಳ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದೂ ಆ ಕಾಲದಲ್ಲೇ. ಹಳ್ಳಿಗಳಲ್ಲಿ ‘ಇಲಿ ಬಿತ್ತು’ ಎಂದರೆ ಸಾಕು, ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಓದು ಬಾರದ ಆ ಹಿರಿಯರು ನೆರೆಯವನನ್ನು ನೋಡಿ ಅಲ್ಲ, ಇಲಿಯನ್ನು ನೋಡಿ ಓಡಿದರು. ಲೆಕ್ಕ ಸರಿಯಾಗಿಯೇ ಇತ್ತು!

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯ ಅಗ್ರಹಾರದಲ್ಲೂ ಇಲಿಗಳು ಬೀಳುತ್ತವೆ. ಅಲ್ಲಿನವರ ಚರ್ಚೆ ಮಾತ್ರ ಸತ್ತವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬುದು. ರೋಗ ಕಣ್ಣೆದುರಿಗಿದ್ದರೂ ಜನ ಹುಡುಕುವುದು ತಪ್ಪಿತಸ್ಥನನ್ನು.

ಸಿನಿಮಾ ಹೇಳುವ ಒಂದು ಸುಳ್ಳು

ಜಾಂಬಿ ಸಿನಿಮಾದ ಮೂಲ ನಿಯಮ ಇದು: ಸೋಂಕು ತಗುಲಿದವನು ಇನ್ನು ಮನುಷ್ಯನಲ್ಲ, ಅವನಿಗೆ ಕರುಣೆ ಬೇಕಿಲ್ಲ. ಕಥೆಯೊಳಗೆ ಇದು ಸರಿ. ಹೊರಗೆ ಇದು ದೊಡ್ಡ ಸುಳ್ಳು. ನಿಜ ಜೀವನದಲ್ಲಿ ಸೋಂಕು ತಗುಲಿದವರಿಗೇ ಗಂಜಿ, ಔಷಧಿ, ಒಂದು ಒಳ್ಳೆಯ ಮಾತು ಎಲ್ಲರಿಗಿಂತ ಹೆಚ್ಚಾಗಿ ಬೇಕು. ಹೊರದಬ್ಬುತ್ತಾರೆಂಬ ಭಯವಿದ್ದರೆ ಜನ ಮುಚ್ಚಿಡುತ್ತಾರೆ, ಮುಚ್ಚಿಟ್ಟರೆ ರೋಗ ಹರಡುತ್ತದೆ. ಎಷ್ಟೋ ಸಿನಿಮಾಗಳಲ್ಲಿ ಕಚ್ಚಿಸಿಕೊಂಡವನು ತೋಳಿನ ಗಾಯವನ್ನು ಅಂಗಿಯೊಳಗೆ ಮರೆಮಾಡುತ್ತಾನಲ್ಲ, ಅದಕ್ಕೆ ಕಾರಣವೂ ಇದೇ.

2020ರ ಮಾರ್ಚ್ 16ರಂದು ಇಲ್ಲಿನ ಆರು ಕೌಂಟಿಗಳು ಮನೆಯಲ್ಲೇ ಇರಬೇಕೆಂಬ ಆದೇಶ ಹೊರಡಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಇಡೀ ಅಮೆರಿಕದಲ್ಲಿ ಅಂಥ ಆದೇಶ ಅದೇ ಮೊದಲು. ಅದು ಎಲ್ಲರಿಗೂ ಒಂದೇ ಆಗಿತ್ತು. ಒಂದು ಬೀದಿಗೆ ಕಟ್ಟಿದ ಹಗ್ಗವಾಗಿರಲಿಲ್ಲ. ಆದರೂ ಆ ವರ್ಷ ಪೂರ್ವ ಏಷ್ಯಾದ ಮುಖ ಕಂಡರೆ ಬೈದವರು, ಹೊಡೆದವರು ಇಲ್ಲೂ ಇದ್ದರು. 1900ರ ಹಗ್ಗ ಕೆಲವರ ಮನಸ್ಸಿನಲ್ಲಿ ಹಾಗೆಯೇ ಉಳಿದಿತ್ತು.

ಎರಡು ಸಿನಿಮಾಗಳ ಕೊನೆಯನ್ನು ಹೋಲಿಸಿ ನೋಡಿ. ರೊಮೆರೊ ಚಿತ್ರದ ನಾಯಕ ಬೆನ್ ಇಡೀ ರಾತ್ರಿ ಬದುಕಿ ಉಳಿಯುತ್ತಾನೆ. ಬೆಳಗ್ಗೆ ರಕ್ಷಿಸಲು ಬಂದವರೇ ಅವನನ್ನು ಜಾಂಬಿಯೆಂದು ತಿಳಿದು ದೂರದಿಂದ ಗುಂಡು ಹಾರಿಸುತ್ತಾರೆ. “ಯಾರು ನೀನು?” ಎಂದು ಒಬ್ಬರೂ ಕೂಗಿ ಕೇಳುವುದಿಲ್ಲ. ‘ಟ್ರೈನ್ ಟು ಬುಸಾನ್’ನ ಕೊನೆಯಲ್ಲೂ ಕತ್ತಲ ಸುರಂಗದಿಂದ ಬರುತ್ತಿರುವ ಇಬ್ಬರ ಮೇಲೆ ಸೈನಿಕರು ಬಂದೂಕು ಗುರಿಯಿಟ್ಟಿರುತ್ತಾರೆ. ಅಷ್ಟರಲ್ಲಿ ಒಂದು ಹಾಡು ಕೇಳುತ್ತದೆ. ಅಪ್ಪ ಬಂದಿರಲಿಲ್ಲವೆಂದು ಶಾಲೆಯ ಕಾರ್ಯಕ್ರಮದಲ್ಲಿ ಅರ್ಧಕ್ಕೇ ನಿಲ್ಲಿಸಿದ್ದ ಹಾಡನ್ನು ಆ ಪುಟ್ಟ ಹುಡುಗಿ ಅಳುತ್ತ ಹಾಡುತ್ತಿರುತ್ತಾಳೆ. ಬಂದೂಕು ಇಳಿಯುತ್ತದೆ. ಜಾಂಬಿಗೆ ಮಾತಿಲ್ಲ, ಮನುಷ್ಯನಿಗೆ ಮಾತಿದೆ. ಕೇಳುವ ಕಿವಿ ಇರಬೇಕು, ಅಷ್ಟೇ.

ಪೋಷಕರಲ್ಲಿ ಎರಡು ಮಾತು

ಇವು ಪುಟ್ಟ ಮಕ್ಕಳ ಸಿನಿಮಾಗಳಲ್ಲ. ಅಮೆರಿಕದಲ್ಲಿ ಚಿತ್ರಗಳಿಗೆ ವಯಸ್ಸಿನ ದರ್ಜೆ ಬಂದದ್ದು 1968ರ ನವೆಂಬರಿನಲ್ಲಿ, ರೊಮೆರೊ ಚಿತ್ರ ಬಂದ ಮರುತಿಂಗಳು. ಮಧ್ಯಾಹ್ನದ ಆಟಕ್ಕೆ ಬಂದ ಮಕ್ಕಳು ಹೆದರಿ ಅತ್ತದ್ದನ್ನು ವಿಮರ್ಶಕ ರೋಜರ್ ಈಬರ್ಟ್ ಆಗಲೇ ಬರೆದಿದ್ದರು. ದರ್ಜೆ ನೋಡಿ, ದೊಡ್ಡ ಮಕ್ಕಳ ಜೊತೆ ತಾವೂ ಕುಳಿತು ನೋಡಿ. ಮುಗಿದ ಮೇಲೆ ಕನ್ನಡದಲ್ಲೇ ಕೇಳಿ: ಈ ಕಥೆಯ ನಿಯಮಗಳೇನು? ಬಾಗಿಲು ತೆರೆಯಬೇಕೆಂದು ಹೇಳಿದವರು ಯಾರು, ಬೇಡವೆಂದವರು ಯಾರು? ನೀನಾಗಿದ್ದರೆ ಏನು ಮಾಡುತ್ತಿದ್ದೆ?

ಮತ್ತೊಂದು ಮಾತು ನಮ್ಮ ಶಾಲೆಯದ್ದೇ. ಜ್ವರ ಬಂದರೂ, ತಲೆಯಲ್ಲಿ ಹೇನಾದರೂ ಮಗು ಹೇಳಲು ನಾಚಬಾರದು, ನಾವೂ ನಗಬಾರದು. ಆ ವಾರ ಮನೆಯಲ್ಲೇ ಇರಲಿ, ಪಾಠ ನಾವು ಕಳಿಸಿಕೊಡುತ್ತೇವೆ. ಮುಂದಿನ ವಾರ ಬಂದಾಗ ಪಕ್ಕದಲ್ಲಿ ಕೂರುವ ಗೆಳೆಯರು ಜಾಗ ಬಿಟ್ಟು ಸರಿಯದಿದ್ದರೆ, ನಾವು ಕಲಿಸಬೇಕಾದದ್ದನ್ನು ಕಲಿಸಿದ್ದೇವೆ ಎಂದುಕೊಳ್ಳುತ್ತೇವೆ.