ಮೂರ್ತಿಯ ಅಡಿಯ ಹೆಸರು

ನಮ್ಮ ಗದಗ ಸೀಮೆಯಲ್ಲಿ ಹಳೆ ಗುಡಿಯ ಮುಂದೆ ಹೊಸಬರು ಯಾರಾದರೂ ನಿಂತರೆ, ಕಟ್ಟೆಯ ಮೇಲೆ ಕೂತ ಹಿರಿಯರು ಕೇಳುವುದು ಒಂದೇ ಮಾತು: ‘ಇದನ್ನ ಯಾವ ರಾಜಾ ಕಟ್ಟಿಸಿದ್ದರೀ?’ ಸಾಲಿಯಲ್ಲಿ ಮಾಸ್ತರು ನಮಗೆ ಕಲಿಸಿದ್ದೂ ಅದನ್ನೇ. ಕಟ್ಟಿಸಿದವನ ಹೆಸರು ಬಾಯಿಪಾಠ, ಕಟ್ಟಿದವನ ಹೆಸರು ಯಾರಿಗೂ ಬೇಡ.

ಈ ಎರಡನೆಯ ಹೆಸರಿನ ಬೆನ್ನು ಹತ್ತಿದವರು ಪ್ರೊ. ಷ. ಶೆಟ್ಟರ್. 1935ರಲ್ಲಿ ಹಂಪಸಾಗರದಲ್ಲಿ ಹುಟ್ಟಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಇತಿಹಾಸ ಮತ್ತು ಕಲಾ ಇತಿಹಾಸ ಕಲಿಸಿ, 2020ರ ಫೆಬ್ರುವರಿ 28ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ನಾನು ಅವರ ತರಗತಿಯಲ್ಲಿ ಕೂತವನಲ್ಲ. ಪುಸ್ತಕ ಓದಿ, ಆಮೇಲೆ ಊರಿನ ಕಲ್ಲುಗಳ ಮುಂದೆ ಹೋಗಿ ನಿಂತು ಪಾಠ ಒಪ್ಪಿಸಿದವನು, ಅಷ್ಟೇ. ಅವರ ಕಸುಬು ಎಂಥದು ಎಂದು ನನಗೆ ತಿಳಿದಷ್ಟು ಹೇಳುತ್ತೇನೆ.

ವೀರಗಲ್ಲಿನಿಂದ ಶುರು ಮಾಡೋಣ, ಏಕೆಂದರೆ ಅದು ಊರೂರಿಗೂ ಇದೆ. ಎಣ್ಣೆ ಸವರಿಸಿಕೊಂಡೋ, ಎಮ್ಮೆ ಮೈ ತಿಕ್ಕುವ ಕಂಬವಾಗಿಯೋ ನಿಂತಿರುತ್ತದೆ. ಅದನ್ನು ಓದಬೇಕಾದ್ದು ಕೆಳಗಿನಿಂದ ಮೇಲಕ್ಕೆ. ತಳದ ಪಟ್ಟಿಕೆಯಲ್ಲಿ ಕಾಳಗ: ಕತ್ತಿ, ಬಿಲ್ಲು, ಕೆಲವೊಮ್ಮೆ ಹಿಂಡು ದನ. ದನ ಕಂಡರೆ ಅದು ತುರುಗೋಳು, ಅಂದರೆ ದನ ಹಿಡಿಯಲು ಬಂದವರೊಡನೆ ನಡೆದ ಕಾದಾಟ. ನಡುವೆ ಅಪ್ಸರೆಯರು ಸತ್ತವನನ್ನು ಕರೆದೊಯ್ಯುತ್ತಿದ್ದಾರೆ. ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ, ಅಂಚಿನಲ್ಲಿ ಸೂರ್ಯ ಚಂದ್ರ. ಪಟ್ಟಿಕೆಗಳ ನಡುವಿನ ಕಿರಿದಾದ ಜಾಗದಲ್ಲಿ ಅಕ್ಷರ. ಮಟಮಟ ಮಧ್ಯಾಹ್ನ ಹೋದರೆ ಒಂದಕ್ಷರವೂ ಕಾಣುವುದಿಲ್ಲ. ಬೆಳಗಿನ ಅಥವಾ ಸಂಜೆಯ ಅಡ್ಡ ಬಿಸಿಲು ಬಿದ್ದಾಗ ಗೀರುಗಳಲ್ಲಿ ನೆರಳು ತುಂಬಿ, ಸವೆದ ‘ಮ’ ಕೂಡ ಎದ್ದು ಬರುತ್ತದೆ. ಆಮೇಲೆ ಒದ್ದೆ ಕಾಗದ ಹಚ್ಚಿ, ಕುಂಚದಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆಯುವ ಕೆಲಸ. ಇಂಥ ಕಲ್ಲುಗಳನ್ನು ಕುರಿತ ದೊಡ್ಡ ಸಂಪುಟವೊಂದನ್ನು ಶೆಟ್ಟರ್ ಅವರು ಜರ್ಮನಿಯ ವಿದ್ವಾಂಸ ಗುಂಥರ್ ಸೊಂಥೈಮರ್ ಜೊತೆ ಸೇರಿ ಸಂಪಾದಿಸಿ 1982ರಲ್ಲಿ ಹೊರತಂದರು. ಶ್ರವಣಬೆಳಗೊಳದ ನಿಸಿದಿ ಕಲ್ಲುಗಳನ್ನು ಹಿಡಿದು, ಜೈನರು ಸಾವನ್ನು ತಾವಾಗಿ ಬರಮಾಡಿಕೊಂಡ ಬಗೆಯ ಮೇಲೆಯೂ ಬರೆದರು. ಸತ್ತವರ ಕಲ್ಲುಗಳಿಂದ ಬದುಕಿನ ಲೆಕ್ಕ ತೆಗೆಯುವುದು ಅವರಿಗೆ ಒಗ್ಗಿದ ಕೆಲಸವಾಗಿತ್ತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು 1992ರಲ್ಲಿ ಬಂದ ಅವರ ಹೊಯ್ಸಳ ದೇವಾಲಯಗಳ ಗ್ರಂಥ. ಹೊಯ್ಸಳ ಮೂರ್ತಿಗಳ ಪೀಠದಲ್ಲಿ ಶಿಲ್ಪಿಗಳು ಹೆಸರು ಕೊರೆದಿದ್ದಾರೆ. ಶಿಲ್ಪಿಗೆ ಆಗಿನ ಕನ್ನಡದ ಮಾತು ರೂವಾರಿ. ಎಂಥ ಸೊಗಸಾದ ಶಬ್ದ, ಯಾಕೆ ಬಿಟ್ಟೆವೋ! 1117ರ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಮದನಿಕೆಯರ ಸೊಂಟದ ಬಳುಕನ್ನು ನೋಡಿ ದಣಿದ ಕಣ್ಣು ಕೆಳಗಿಳಿದರೆ ಅವರ ಸಹಿ. ಅಪ್ಪನ ಹೆಸರು, ಊರಿನ ಹೆಸರು, ಒಮ್ಮೊಮ್ಮೆ ಎದುರಾಳಿಗಳನ್ನು ಕೆಣಕುವ ಬಿರುದು. ಅಲ್ಲಿಯೇ ಗದುಗಿನ ಕಾಟೋಜನ ಮಗ ನಾಗೋಜನೂ ಇದ್ದಾನೆ. ನಮ್ಮ ಕಡೆಯವನು! ಅದನ್ನು ಓದಿದ ದಿನ ನನಗೆ ಬೇಲೂರು ನೆಂಟರ ಊರಾಯಿತು.

ಹೆಸರು ಸಿಕ್ಕಿತು ಅಂದರೆ ಕೆಲಸ ಮುಗಿಯಲಿಲ್ಲ. ಮಲ್ಲಿತಮ್ಮನೆಂಬ ರೂವಾರಿಯನ್ನು ನೋಡಿ. ಅಮೃತಾಪುರದ ಗುಡಿ 1196ರದು, ಅಲ್ಲಿ ಆ ಹೆಸರಿದೆ. ನುಗ್ಗೇಹಳ್ಳಿಯಲ್ಲಿದೆ. ಹದಿಮೂರನೆಯ ಶತಮಾನದ ನಡುಭಾಗ ದಾಟಿ ಕಟ್ಟಿದ ಸೋಮನಾಥಪುರದಲ್ಲೂ ಇದೆ. ಕೆಲವೆಡೆ ಬರೀ ‘ಮಲ್ಲಿ’, ಇನ್ನೂ ಕೆಲವೆಡೆ ಬರೀ ‘ಮ’. ಅರವತ್ತಕ್ಕೂ ಮಿಕ್ಕಿದ ವರ್ಷ ಒಬ್ಬನೇ ಉಳಿ ಹಿಡಿದನೆ? ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಾಡು ನಮ್ಮದು. ಹಾಗಾದರೆ ಅಕ್ಷರದ ತಿರುವು ನೋಡಬೇಕು, ಹಾರದ ಎಳೆ ಬಿಡಿಸಿದ ರೀತಿ ನೋಡಬೇಕು, ಮೂಗು ತುಟಿ ನೋಡಬೇಕು. ಒಂದು ಗುಡಿಯಲ್ಲಿ ಕಂಡದ್ದನ್ನು ಇನ್ನೊಂದಕ್ಕೆ ಹೋಗಿ ಹೋಲಿಸಬೇಕು, ಮತ್ತೆ ಮೊದಲನೆಯದಕ್ಕೇ ಬರಬೇಕು. ಅಕ್ಕಸಾಲಿ ತನ್ನ ಕೈಯ ಒಡವೆಯನ್ನು ಎಲ್ಲಿದ್ದರೂ ಗುರುತಿಸುತ್ತಾನಲ್ಲ, ಆ ಬಗೆಯ ಕಣ್ಣು ಬೇಕು, ಅದೂ ಎಂಟು ನೂರು ವರ್ಷ ಹಿಂದಿನ ಇನ್ನೊಬ್ಬನ ಕೈಗೆ. ಇಂಥ ಕಡೆ ಅವಸರದ ತೀರ್ಪು ನಿಲ್ಲುವುದಿಲ್ಲ.

ಕಲ್ಲಿನ ಜಾತಿಯನ್ನೂ ಮರೆಯುವಂತಿಲ್ಲ. ಐಹೊಳೆ ಪಟ್ಟದಕಲ್ಲಿನ ಮರಳುಗಲ್ಲು ಒರಟು. ನಮ್ಮ ಲಕ್ಕುಂಡಿಯ ಕಡೆ ಬಂದ ನಯವಾದ ಹಸಿರು-ಕರಿ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದಂತೆ ಗಟ್ಟಿ. ಕಂಬವನ್ನು ಚರಕಿಗೆ ಹಾಕಿ ತಿರುಗಿಸಿ ನುಣುಪು ಮಾಡಲು ಬಂದದ್ದು ಈ ಕಲ್ಲಿನಿಂದ. ಹೊಯ್ಸಳರ ಜರತಾರಿ ಕೆತ್ತನೆಯ ಅಭ್ಯಾಸ ನಮ್ಮ ಈ ಎರೆ ಸೀಮೆಯ ಗುಡಿಗಳಲ್ಲಿ ಮೊದಲೇ ನಡೆದಿತ್ತು ಎಂದರೆ ಅದು ಊರಭಿಮಾನದ ಮಾತು ಮಾತ್ರವೇನಲ್ಲ.

ಮುಂದೆ ಶೆಟ್ಟರ್ ಹಳಗನ್ನಡದ ಲಿಪಿ ಮತ್ತು ಲಿಪಿಕಾರರತ್ತ ಹೊರಳಿದರು. ಶಾಸನವೆಂದರೆ ಅರಸನ ಮಾತಷ್ಟೇ ಆಗಿ ಕಾಣುತ್ತಿದ್ದ ನನಗೆ, ಅದನ್ನು ರಚಿಸಿದವನು ಒಬ್ಬ, ಕಲ್ಲಿನ ಮೇಲೆ ಬರೆದವನು ಒಬ್ಬ, ಕೊರೆದವನು ಇನ್ನೊಬ್ಬ ಇರಬಹುದು ಎಂದು ಹೊಳೆದದ್ದು ಆಗ.

ಆ ಕಣ್ಣಿನಿಂದ ಕೋಟುಮಚಗಿಯ ಶಾಸನವನ್ನು ಮತ್ತೆ ಓದಿದೆ. ಅದು 1012ರದು, ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕಾಲ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ ಐದು ವರ್ಷದ ಮೇಲಿನದು. ಉಮ್ಮಚಿಗೆ ಎಂಬ ಅಗ್ರಹಾರದ ಕಟ್ಟಳೆಗಳು ಅದರಲ್ಲಿವೆ. ಬೈದರೆ ದಂಡ, ಹೊಡೆದರೆ ಹೆಚ್ಚು ದಂಡ, ಕಠಾರಿ ಹಿರಿದರೆ ಅದಕ್ಕೂ ಹೆಚ್ಚು. ಈ ಜಗಳಗಳ ಪಟ್ಟಿಯ ಜೊತೆಗೇ, ಪಾಠ ಹೇಳುವವರಿಗೆಂದು ಬಿಟ್ಟ ಹೊಲದ ಲೆಕ್ಕವೂ ಇದೆ. ಮೊದಲ ಸಲ ಓದಿದಾಗ ನಾನು ಅರಸನ ಹೆಸರು ಗುರುತು ಹಾಕಿಕೊಂಡು ಮುಂದೆ ಹೋಗಿದ್ದೆ. ಈ ಸಲ ಪೆನ್ಸಿಲ್ ನಿಂತದ್ದು ಪಾಠ ಹೇಳುವವನ ಹೊಲದ ಸಾಲಿನಲ್ಲಿ.