ಕನ್ನಡಿಯೊಳಗಿನ ಖಳನಾಯಕ!

ಇಂಟರ್ವಲ್ಲಿನಲ್ಲಿ ದೀಪ ಹತ್ತಿದ ಕೂಡಲೇ ಕರ್ಚೀಫಿನಿಂದ ಮುಖ ಮುಚ್ಚಿಕೊಳ್ಳುವ ಹುಡುಗನನ್ನು ನೀವು ಕಂಡಿದ್ದೀರಾ? ನಾಯಕಿಯ ಕಷ್ಟ ನೋಡಿ ಅಳುತ್ತಿದ್ದಾನೆಂದು ನಕ್ಕಿರಲೂಬಹುದು. ಆ ಹುಡುಗ ನಾನೇ! ಅಳು ಅಲ್ಲ ಸ್ವಾಮಿ, ಮೂಗು. ನನ್ನ ಮೂಗು ಯಾರ ಕಣ್ಣಿಗೂ ಬೀಳಬಾರದಿತ್ತು.

ಊರು ಕಾಳಗಿ. ಈಗ ತಾಲ್ಲೂಕು ಕೇಂದ್ರ, ಆಗ ಚಿತ್ತಾಪುರ ತಾಲ್ಲೂಕಿಗೆ ಸೇರಿತ್ತು. ತೆಲುಗು ಸೀಮೆ ಪಕ್ಕದಲ್ಲೇ ಇರುವುದರಿಂದ ನಮ್ಮ ಹುಡುಗರಿಗೆ ಅಪ್ಪುವೂ ಬೇಕು, ಮಹೇಶ್ ಬಾಬುವೂ ಬೇಕು. 2006ರಲ್ಲಿ ‘ಪೋಕಿರಿ’ ಬಂತು. ಪಿ.ಯು.ಸಿ. ಓದುತ್ತಿದ್ದ ನಾನು ಆಗಿನ ಗುಲ್ಬರ್ಗಕ್ಕೆ ಹೋಗಿ ನೋಡಿ ಬಂದೆ. ರಾತ್ರಿ ಕನ್ನಡಿ ಮುಂದೆ ನಿಂತೆ. ಎಲ್ಲಿಯ ಮಹೇಶ್ ಬಾಬು, ಎಲ್ಲಿಯ ಈ ಬೆಂಡಾದ ಮೂಗು! ಅಂದು ಶುರುವಾದದ್ದು ನಿಲ್ಲಲೇ ಇಲ್ಲ. ಬಸ್ಸಿನ ಕಿಟಕಿ, ಸಲೂನಿನ ಗಾಜು, ಊಟದ ಸ್ಟೀಲ್ ತಟ್ಟೆ, ಎಲ್ಲದರಲ್ಲೂ ಅದೇ ಮೂಗು! ದಿನಕ್ಕೆ ಮೂರು ತಾಸು ಇದಕ್ಕೇ ಹೋಗುತ್ತಿತ್ತು.

“ಏನ್ ನೋಡ್ಲಕತ್ತೀಯೋ? ಮೂಗು ನೆಟ್ಟಗೇ ಅದ ಅಲ್ಲ!” ಅಂತ ಗೆಳೆಯರು. ನಂಬಿಕೆ ಬರುತ್ತಿರಲಿಲ್ಲ. ಮನಸ್ಸು ನೋಯಬಾರದೆಂದು ಸುಳ್ಳು ಹೇಳ್ತಾರೆ ಅನ್ನಿಸುತ್ತಿತ್ತು. ಡಿಗ್ರಿ ಕೊನೆಯ ವರ್ಷ ಹಾಲ್ ಟಿಕೆಟ್ಟಿಗೆ ಫೋಟೋ ಬೇಕಿತ್ತು. ಸ್ಟುಡಿಯೋ ಬಾಗಿಲವರೆಗೆ ಮೂರು ಸಲ ಹೋಗಿ ತಿರುಗಿ ಬಂದೆ. ಪರೀಕ್ಷೆ ತಪ್ಪಿತು. ಮನೆಯಲ್ಲಿ ಜ್ವರ ಎಂದೆ.

ಕಡೆಗೆ ಸರ್ಜರಿಯ ಹುಚ್ಚು. ತೊಗರಿ ಮಾರಿದ ದುಡ್ಡು ಕೊಡು ಎಂದು ಅಪ್ಪನ ಬೆನ್ನು ಹತ್ತಿದೆ. ಅಪ್ಪ ಸುಮ್ಮನೆ ನನ್ನ ಮುಖ ನೋಡಿದರು. “ಅಲ್ಲೋ, ನಿಂದು ನಂದೇ ಮೂಗು. ನಾ ಅಷ್ಟು ಕೆಟ್ಟ ಕಾಣ್ತೀನೇನು?”

ಉತ್ತರವಿಲ್ಲ. ಹೌದು, ಅದೇ ಮೂಗು! ಅಪ್ಪನ ಮುಖದಲ್ಲಿ ಎಂದೂ ತಪ್ಪು ಕಂಡಿರಲಿಲ್ಲ.

ಆದರೂ ರೋಗ ಬಿಡಲಿಲ್ಲ. ರೋಗ ಅಂತ ಗೊತ್ತಾದದ್ದೇ 2017ರಲ್ಲಿ. ಗೊತ್ತು ಮಾಡಿಸಿದವಳು ಯಾರು ಅಂತೀರಿ? ಅದೇ ‘ಪೋಕಿರಿ’ಯ ನಾಯಕಿ, 2011ರ ‘ಹುಡುಗರು’ ಚಿತ್ರದ ಒಂದು ಹಾಡಿಗೆ ಬಂದುಹೋದ ಇಲಿಯಾನಾ! ಮೈಕಟ್ಟಿನ ಬಗ್ಗೆ ಕುಹಕ ಕೇಳಿದವಳಂತೆ, ಯಾವಾಗಲೂ ಮಂಕಾಗಿರುತ್ತಿದ್ದಳಂತೆ, ಖಿನ್ನತೆಯ ಜೊತೆ ತನಗೆ ಬಾಡಿ ಡಿಸ್‌ಮಾರ್ಫಿಕ್ ಡಿಸಾರ್ಡರ್ ಇದೆಯೆಂದು ನೆರವು ಪಡೆಯುವವರೆಗೂ ತಿಳಿದಿರಲಿಲ್ಲವಂತೆ. ದೆಹಲಿಯ ಮಾನಸಿಕ ಆರೋಗ್ಯ ಸಮ್ಮೇಳನದಲ್ಲಿ ಎಲ್ಲರೆದುರು ಹೇಳಿದಳು. ಯಾರ ಸೊಂಟಕ್ಕೆ ನಾವು ಶಿಳ್ಳೆ ಹೊಡೆದೆವೋ ಆಕೆಗೇ ತನ್ನ ಮೈ ಕಂಡರೆ ಆಗುತ್ತಿರಲಿಲ್ಲ!

ಮರುವರ್ಷ ಕಲಬುರಗಿಯ ಮನೋವೈದ್ಯರೊಬ್ಬರ ಬಳಿ ಹೋದೆ. ಅವರು ನಗಲಿಲ್ಲ. ಇದು ಶೋಕಿ ಅಲ್ಲ, ಜಂಬವೂ ಅಲ್ಲ ಎಂದರು. ಕೈ ತೊಳೆದದ್ದನ್ನೇ ತೊಳೆಯುವ ಗೀಳುರೋಗ ಇದೆಯಲ್ಲ, ಇದು ಅದರ ದಾಯಾದಿ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಎರಡನ್ನೂ ಒಂದೇ ಅಧ್ಯಾಯಕ್ಕೆ ಹಾಕಿದೆ. ನೂರಕ್ಕೆ ಸುಮಾರು ಇಬ್ಬರಿಗೆ ಉಂಟು. ಮೀಸೆ ಮೂಡುವ ವಯಸ್ಸಿನಲ್ಲೇ ಶುರು. ಈ ರೋಗದ ಕಣ್ಣು ಇಡೀ ಮುಖ ನೋಡುವುದಿಲ್ಲ. ಒಂದು ಚುಕ್ಕೆ ಹಿಡಿದು ಅದನ್ನೇ ಕೆದಕುತ್ತದೆ. ಗಂಡಸರಿಗೆ ಕೂದಲು, ಮೂಗು, ಚರ್ಮ... ಮತ್ತೆ ತೋಳು! ಗಟ್ಟಿಮುಟ್ಟಾದ ಹುಡುಗ ತಾನು ಕಡ್ಡಿ ಎಂದುಕೊಂಡು ಜಿಮ್ಮಿನಲ್ಲಿ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವುದೂ ಇದರದ್ದೇ ಒಂದು ವೇಷ. ನಮ್ಮ ಸಿಕ್ಸ್‌ಪ್ಯಾಕ್ ವೀರರು ಗಮನಿಸಬೇಕು.

ಸರ್ಜರಿ? ಈ ರೋಗಿಗಳಿಗೆ ಅದರಿಂದ ಸಮಾಧಾನ ಸಿಗುವುದು ಅಪರೂಪ. ಮೂಗು ಮುಗಿದರೆ ಗದ್ದ ಶುರು! 2022ರ ಮೇ ತಿಂಗಳಲ್ಲಿ ನಮ್ಮ ಕಿರುತೆರೆಯ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡದ್ದು ನೆನಪಿದೆಯಲ್ಲ? 21 ವರ್ಷ. ಆಕೆಗೆ ಈ ರೋಗವಿತ್ತೆಂದು ನಾನು ಹೇಳುತ್ತಿಲ್ಲ. ಆ ಸುದ್ದಿ ಓದಿದ ದಿನ ಅಪ್ಪನ ತೊಗರಿ ದುಡ್ಡು ನೆನಪಾಗಿ ಊಟ ಸೇರಲಿಲ್ಲ, ಅಷ್ಟೇ.

ನನಗೆ ಕೊಟ್ಟದ್ದು ಗುಳಿಗೆ ಮತ್ತು ಮಾತಿನ ಚಿಕಿತ್ಸೆ. ಗುಳಿಗೆಯ ಗುಣ ಕಾಣಲು ಮೂರು ತಿಂಗಳು ಹಿಡಿಯಿತು, ನಡುವೆ ಬಿಡಬಾರದು. ಮಾತಿನ ಚಿಕಿತ್ಸೆ ಅಂದರೆ ಬರೀ ಮಾತಲ್ಲ ಮಾರಾಯ್ರೇ, ಫೈಟಿಂಗ್ ಸೀನೇ! ಕನ್ನಡಿ ಬೆಳಿಗ್ಗೆ ಒಂದೇ ಸಲ. “ಹೆಂಗ ಕಾಣ್ಲತೀನಿ?” ಎಂದು ಯಾರನ್ನೂ ಕೇಳುವಂತಿಲ್ಲ. ಕರ್ಚೀಫಿಲ್ಲದೆ ಕಾಳಗಿಯ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಹೋಗಬೇಕು. ಮೊದಲ ದಿನ ಅಂಗಿ ಒದ್ದೆ! ಹತ್ತನೇ ದಿನ ಕಂಡಕ್ಟರ್ ಬಿಟ್ಟರೆ ಯಾರೂ ನನ್ನತ್ತ ನೋಡುತ್ತಿಲ್ಲವೆಂದು ಗೊತ್ತಾಯಿತು. ಅವನೂ ಚಿಲ್ಲರೆಗಾಗಿ.

ಸಾಯಬೇಕು ಅನ್ನಿಸಿದ ರಾತ್ರಿಗಳೂ ಇದ್ದವು. ಈ ರೋಗದಲ್ಲಿ ಅದು ಹೆಚ್ಚು, ಮುಚ್ಚಿಡುವುದೇಕೆ? ನಿಮಗೂ ಹಾಗಾಗುತ್ತಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿಮಾನಸ್. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಮೂಗು ಅಲ್ಲೇ ಇದೆ. ಒಮ್ಮೊಮ್ಮೆ ಕೈ ತಾನಾಗಿ ಅದರ ಮೇಲೆ ಹೋಗುತ್ತದೆ. ಮೊನ್ನೆ ಕಲಬುರಗಿಯ ಟಾಕೀಸಿನಲ್ಲಿ ಇಂಟರ್ವಲ್ ಬಿಟ್ಟಾಗ ಪಕ್ಕದವನು, “ಅಣ್ಣಾ, ಸೀಟ್ ನೋಡ್ಕೋರಿ, ಪಾಪ್‌ಕಾರ್ನ್ ತರ್ತೀನಿ” ಎಂದು ನೇರ ನನ್ನ ಮುಖ ನೋಡಿ ಹೇಳಿದ. “ನನಗೂ ಒಂದು ತಾರೋ” ಎಂದೆ.