ಕೆಲಸಕ್ಕುಂಟು, ಲೆಕ್ಕಕ್ಕಿಲ್ಲ

ಅಕ್ಟೋಬರ್ ಬಂತೆಂದರೆ ರಾಜೇಶ್ವರದ ಗಾಳಿಯಲ್ಲಿ ಸೋಯಾ ಹೊಟ್ಟು. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟ ಬಸ್ಸು ಇಲ್ಲಿ ನಿಂತಾಗ ಕಿಟಕಿ ಪಕ್ಕದವರು ಮೂಗಿಗೆ ಸೆರಗನ್ನೋ ದಸ್ತಿಯನ್ನೋ ಹಿಡಿಯುತ್ತಾರೆ. ರಾಶಿ ಮಷಿನ್ನಿನಿಂದ ಇಳಿದ ಕಾಳು ಟ್ರ್ಯಾಕ್ಟರ್ ಏರಿ ಬಂದು ಖರೀದಿ ಅಂಗಡಿಗಳ ಮುಂದೆ ಗುಡ್ಡೆ ಬೀಳುತ್ತದೆ. ಸಾವ್ಕಾರ ಒಂದು ಹಿಡಿ ಎತ್ತಿ ಹಲ್ಲಿಗಿಟ್ಟು ಕಡಿಯುತ್ತಾನೆ, ‘ಹಸಿ ಅದ’ ಎನ್ನುತ್ತಾನೆ. ರೈತ ‘ಎಲ್ಲಿ ಹಸಿ ಅದರಿ’ ಎಂದು ವಾದಕ್ಕೆ ಇಳಿಯುತ್ತಾನೆ. ಹಿಂದುಗಡೆ ಹೆದ್ದಾರಿ. ಮೊದಲು 9 ಎನ್ನುತ್ತಿದ್ದರು, ಈಗ 65. ಪುಣೆ, ಸೋಲಾಪುರದಿಂದ ಹೈದರಾಬಾದಿಗೆ, ಹೈದರಾಬಾದಿನಿಂದ ಸೋಲಾಪುರಕ್ಕೆ ಹಗಲೂ ರಾತ್ರಿ ಲಾರಿಗಳ ಸಾಲು.

ಅಂಗಡಿಯೊಳಗೆ, ರಸ್ತೆಗೆ ಬೆನ್ನು ಮಾಡಿ, ಬಾರದಾನದ ಕಟ್ಟಿನ ಮೇಲೆ ಕೂತು ಚೀಲದ ಬಾಯಿ ಹೊಲಿಯುತ್ತಿರುವ ಹುಡುಗನನ್ನು ನೋಡಿ. ಹುಡುಗನೆಂದರೂ ಇಪ್ಪತ್ತಾರರ ಗಂಡಸು. ಇವನು ಯಾವುದೋ ಒಂದು ಮನೆಯ ಮಗನಲ್ಲ. ನಮ್ಮ ಭಾಗದ ಊರುಗಳಲ್ಲಿ ಕಾಣಸಿಗುವ ಇಂಥ ಹಲವರ ಚಹರೆಯನ್ನು ಕೂಡಿಸಿ ನಾನೇ ಇಲ್ಲಿ ತಂದು ಕೂರಿಸಿದವನು. ಹಾಗಾಗಿ ಹೆಸರಿಲ್ಲ. ಅವನ ಸುತ್ತಲಿನ ಕಾಯಿದೆ, ಕಚೇರಿ, ವರ್ಷಗಳು ಮಾತ್ರ ಇದ್ದದ್ದು ಇದ್ದ ಹಾಗೆಯೇ.

ದಬ್ಬಣ ಚುಚ್ಚುತ್ತದೆ, ಸುತಳಿ ಎಳೆದುಕೊಳ್ಳುತ್ತದೆ, ಮತ್ತೆ ಚುಚ್ಚುತ್ತದೆ. ಒಂದು ಚೀಲಕ್ಕೆ ಎಷ್ಟು ಹೊಲಿಗೆ ಎಂಬುದು ಅವನಲ್ಲಿ ನಿಗದಿ. ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಹಮಾಲನೊಬ್ಬ ಅವಸರಕ್ಕೆ ಅರ್ಧ ಹೊಲಿದ ಚೀಲ ಎತ್ತಿದರೆ ಅದರ ಹಿಂದೆಯೇ ಎದ್ದು ಹೋಗಿ ಇಳಿಸುವವರೆಗೆ ಬಿಡುವುದಿಲ್ಲ. ಸಾವ್ಕಾರ ಒಮ್ಮೆ ಕೈಯಲ್ಲಿ ಹಿಡಿದು ಚೀಲ ಹೊಲಿಯುವ ಮಷಿನ್ ತಂದಿದ್ದ. ಅದು ಗುರ್ ಎಂದ ಕೂಡಲೇ ಹುಡುಗ ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಹೋದ. ಮಷಿನ್ನು ಮೂಲೆ ಸೇರಿದ ಮೇಲೆಯೇ ಬಂದದ್ದು. ಲಾರಿಯ ಹಾರ್ನಿಗೂ ಹಾಗೆಯೇ, ಮೈಯೆಲ್ಲ ಮುದುಡುತ್ತದೆ. ಆದರೆ ಲಾರಿಯ ನಂಬರು ಬಲು ಇಷ್ಟ. ಕೆಎ 56 ಬಸವಕಲ್ಯಾಣದ್ದು, ಕೆಎ 39 ಭಾಲ್ಕಿಯದು, ಎಂಎಚ್ 12 ಪುಣೆಯದು ಎಂಬುದು ಅವನಿಗೆ ಬಾಯಿಪಾಠ. 2024ರಲ್ಲಿ ತೆಲಂಗಾಣದ ಹೊಸ ಗಾಡಿಗಳ ಮೇಲೆ ಟಿಎಸ್ ಹೋಗಿ ಟಿಜಿ ಬಂದಾಗ ಅಂಗಡಿಯವರಿಗೆಲ್ಲ ತೋರಿಸಿದವನು ಅವನೇ. ಬೆರಳು ಚಾಚಿ ‘ಜಿ, ಜಿ’ ಎಂದು ಮಧ್ಯಾಹ್ನವೆಲ್ಲ ಅಂದ. ಅದಕ್ಕಿಂತ ಉದ್ದದ ಮಾತು ಅವನ ಬಾಯಿಂದ ಬರುವುದು ಅಪರೂಪ.

‘ಅಂವಗ ಏನೂ ತಿಳಿಯಂಗಿಲ್ಲಂತ ಮಂದಿ ಅಂತಾರ್ರಿ’ ಎನ್ನುತ್ತಾಳೆ ತಾಯಿ. ‘ಎಲ್ಲಾ ತಿಳೀತದ. ಹೇಳ್ಲಿಕ್ಕ ಬರಲ್ಲ, ಅಷ್ಟೇ.’

ಸಂಜೆ ಅಂಗಡಿ ಲೆಕ್ಕ ನಡೆಯುವಾಗ ಮುನೀಮ ಅವನನ್ನೇ ಕೇಳುತ್ತಾನೆ: ಇವತ್ತು ಎಷ್ಟು ಚೀಲ? ಹುಡುಗ ಗೋಡೆ ನೋಡುತ್ತ ಒಂದು ಸಂಖ್ಯೆ ಹೇಳುತ್ತಾನೆ. ತಾಳೆಯಾಗದಿದ್ದರೆ ಮುನೀಮ ತನ್ನ ವಹಿಯನ್ನೇ ಮತ್ತೊಮ್ಮೆ ಕೂಡುತ್ತಾನೆ. ಇಷ್ಟಕ್ಕೆ ಅವನಿಗೆ ಸಿಗುವುದು ಬೆಳಿಗ್ಗೆ ಒಂದು ತಟ್ಟೆ ಸುಸಲಾ, ಎರಡು ಮಿರ್ಚಿ, ಹೊತ್ತು ಹೊತ್ತಿಗೆ ಚಹಾ, ದೀಪಾವಳಿಗೆ ಒಂದು ಜೊತೆ ಬಟ್ಟೆ. ಸಾವ್ಕಾರ ಕೆಟ್ಟವನಲ್ಲ. ಹುಡುಗನನ್ನು ಯಾರಾದರೂ ‘ಮಬ್ಬ’ ಎಂದರೆ ಅವರ ಮೇಲೆ ಏರಿಹೋಗುತ್ತಾನೆ. ‘ದೇವರಂಥಾ ಹುಡುಗ ಅಂವ’ ಎನ್ನುತ್ತಾನೆ. ದೇವರಿಗೆ ಕೂಲಿ ಕೊಡುವ ರೂಢಿ ನಮ್ಮಲ್ಲಿಲ್ಲವಲ್ಲ.

ಇವನಿಗೆ ಉದ್ಯೋಗ ಉಂಟೋ ಇಲ್ಲವೋ? ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯವರು ಮನೆಗೆ ಬಂದರೆ ಪ್ರತಿಯೊಬ್ಬರಿಗೂ ಒಂದು ಸಂಕೇತ ಸಂಖ್ಯೆ ಹಾಕುತ್ತಾರೆ. ಕೆಲಸ ಹುಡುಕುತ್ತಿರುವ ನಿರುದ್ಯೋಗಿಗೆ 81. ಅಂಗವೈಕಲ್ಯದಿಂದ ದುಡಿಯಲಾಗದವರಿಗೆ 95. ಮನೆಯ ಹೊಲದಲ್ಲಿ, ಅಂಗಡಿಯಲ್ಲಿ ಕೂಲಿಯಿಲ್ಲದೆ ದುಡಿಯುವವರಿಗೆ 21. ಹೊಲಿಯುತ್ತ ಕೂತಿರುವ ಈ ಹುಡುಗನ ಮುಂದೆ 95 ಬರೆದರೆ ಆ ದಬ್ಬಣವೇ ಸುಳ್ಳಾಗುತ್ತದೆ. 21 ಬರೆಯೋಣವೆಂದರೆ ಅಂಗಡಿ ಅವನ ಮನೆಯದಲ್ಲ. 81ಕ್ಕೆ ‘ಕೆಲಸ ಬೇಕು’ ಎಂದು ಬಾಯಿಬಿಟ್ಟು ಹೇಳಬೇಕು, ಇಲ್ಲವೇ ಅವನ ಪರವಾಗಿ ಮನೆಯವರು ಹೇಳಬೇಕು. ಅದು ಮನೆಯವರಿಗೆ ಹೊಳೆಯುವುದಿಲ್ಲ. ದೇಶದ ನಿರುದ್ಯೋಗಿಗಳ ಎಣಿಕೆಯಲ್ಲಿ ಇವನು ಸಿಗದೇ ಹೋಗುವುದು ಹೀಗೆ. 2011ರ ಜನಗಣತಿಯ ಅಂಗವೈಕಲ್ಯದ ಪಟ್ಟಿಯಲ್ಲೂ ಇವನಿಗಿರುವ ಆಟಿಸಂಗೆ ಪ್ರತ್ಯೇಕ ಕಾಲಂ ಇರಲಿಲ್ಲ.

ಮಗಳಾಗಿದ್ದರೆ ಇಷ್ಟು ಪ್ರಶ್ನೆಯೂ ಏಳುತ್ತಿರಲಿಲ್ಲ. ಮೂಲೆಯಲ್ಲಿ ಮೊರ ಹಿಡಿದು ತೊಗರಿಯ ಕಲ್ಲು ಆರಿಸುತ್ತ ಕೂತ ಮೂವತ್ತರ ಹೆಣ್ಣುಮಗಳನ್ನು ಯಾರೂ ನಿರುದ್ಯೋಗಿ ಎನ್ನುವುದಿಲ್ಲ. ‘ಮನೀ ಕೆಲಸ’ ಎಂದು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ.

ಹುಡುಗ ಶಾಲೆಗೆ ಹೋಗಿದ್ದಾನೆ. ಪಾಸು, ನಪಾಸು ಇಲ್ಲದ ಕಾಲವಾದ್ದರಿಂದ ವರ್ಷಕ್ಕೊಂದು ತರಗತಿ ತಾನಾಗಿ ಏರಿದ. ಹೈಸ್ಕೂಲಿನ ಗದ್ದಲ ತಡೆಯಲಾಗಲಿಲ್ಲ. ಒಂದು ದಿನ ಕಂಪೌಂಡ್ ಹಾರಿ ಮನೆಗೆ ಬಂದವನು ಮತ್ತೆ ಹೋಗಲಿಲ್ಲ. ಆಟಿಸಂ ಎಂಬ ಮಾತು ಮನೆಗೆ ಬಂದದ್ದು ಬಹಳ ತಡವಾಗಿ, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ತುಂಬಿಸಲು ಬಂದಾಗ. ಬೀದರಿನ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಸಾಲಿನಲ್ಲಿ ನಿಲ್ಲಬೇಕು. ಸಾಲಿನಲ್ಲಿ ನಿಲ್ಲುವುದೇ ಈ ಹುಡುಗನಿಗೆ ದೊಡ್ಡ ಪರೀಕ್ಷೆ. ಟ್ಯೂಬ್‌ಲೈಟಿನ ಮಿಣುಕು, ಮೈಗೆ ಮೈ ತಾಗುವ ಜನ, ಯಾವ ಕ್ಷಣಕ್ಕೆ ಕರೆಯುತ್ತಾರೋ ಗೊತ್ತಿಲ್ಲದ ಹೆಸರು. ತಾಯಿ ಮಡಿಲಲ್ಲಿ ಸುತಳಿಯ ಉಂಡೆ ಇಟ್ಟುಕೊಂಡು ಹೋಗಿದ್ದಳು. ಗಂಟು ಹಾಕುತ್ತ, ಬಿಚ್ಚುತ್ತ ಅವನು ಹೊತ್ತು ಕಳೆದ.

1995ರ ಅಂಗವಿಕಲರ ಕಾಯಿದೆಯಲ್ಲಿ ಏಳು ವೈಕಲ್ಯಗಳಿದ್ದವು, ಆಟಿಸಂ ಇರಲಿಲ್ಲ. ಹಳೆಯ ಪ್ರಮಾಣಪತ್ರಗಳಲ್ಲಿ ಇಂಥ ಎಷ್ಟೋ ಮಂದಿ ‘ಬುದ್ಧಿಮಾಂದ್ಯ’ ಎಂದೇ ದಾಖಲಾಗಿದ್ದಾರೆ. 1999ರಲ್ಲಿ ರಾಷ್ಟ್ರೀಯ ನ್ಯಾಸದ ಕಾಯಿದೆ ಆಟಿಸಂ ಅನ್ನು ಹೆಸರಿಸಿತು; ಆದರೆ ಅದರ ಗಮನ ಪಾಲನೆ, ಪೋಷಕತ್ವದ ಕಡೆಗಿತ್ತು, ನೌಕರಿಯ ಕಡೆಗಲ್ಲ. ಆಟಿಸಂ ಇರುವವರಿಗೆ ನೌಕರಿಯ ಹಕ್ಕು ಬಂದದ್ದು 2016ರ ಕಾಯಿದೆಯಿಂದ. ವೈಕಲ್ಯಗಳು 21ಕ್ಕೆ ಏರಿದವು, ಸರ್ಕಾರಿ ನೌಕರಿಯಲ್ಲಿ ಕನಿಷ್ಠ ಶೇ 4 ಮೀಸಲು ಎಂದಾಯಿತು. ಅಂಧರಿಗೆ ಒಂದು, ಕಿವುಡರಿಗೆ ಒಂದು, ಚಲನ ವೈಕಲ್ಯದವರಿಗೆ ಒಂದು. ಉಳಿದ ಒಂದರಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ, ಬಹುವಿಧ ವೈಕಲ್ಯ, ಎಲ್ಲರೂ ಪಾಲುದಾರರು. ಆ ಪಾಲಿಗೂ ಅರ್ಜಿ, ಲಿಖಿತ ಪರೀಕ್ಷೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬೇಕು. ಅಂಕಪಟ್ಟಿ ಕೇಳದ ಡಿ ದರ್ಜೆಯ ಕೆಲಸಗಳು ಬಹುಪಾಲು ಹೊರಗುತ್ತಿಗೆಗೆ ಹೋಗಿವೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲು ಇದೆಯಲ್ಲ ಎನ್ನಬಹುದು. ಇದೆ. ಆದರೆ ಅದರ ಬಾಗಿಲೂ ಪರೀಕ್ಷಾ ಕೊಠಡಿಯಲ್ಲೇ ತೆರೆಯುತ್ತದೆ.

ಅವನ ಓರಗೆಯ, ಯಾವ ವೈಕಲ್ಯವೂ ಇಲ್ಲದ ಹುಡುಗರ ಪಾಡೂ ಹೇಳಿಕೊಳ್ಳುವಂಥದ್ದಲ್ಲ. ಹಳ್ಳಿಖೇಡದ ಸಹಕಾರಿ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿದೆ. ಸಸ್ತಾಪುರ ಬಂಗ್ಲಾದಲ್ಲಿ ನಿಂತರೆ ಹೆಗಲಿಗೆ ಬ್ಯಾಗು ಹಾಕಿ ಹೈದರಾಬಾದ್, ಪುಣೆ, ಮುಂಬೈ ಬಸ್ಸು ಹತ್ತುವವರು ಸಿಗುತ್ತಾರೆ. ಊರು ಬಿಟ್ಟು ಹೋಗುವ ದಾರಿಯೊಂದು ಅವರಿಗಿದೆ. ಈ ಹುಡುಗನಿಗೆ ಮಲಗುವ ಜಾಗ ಬದಲಾದರೆ ನಿದ್ದೆಯಿಲ್ಲ.

ದೊಡ್ಡ ಊರುಗಳಲ್ಲಿ ಬಾಗಿಲು ಕೊಂಚ ತೆರೆದಿದೆ. ಎಸ್‌ಎಪಿ ಕಂಪನಿ ಬೆಂಗಳೂರಿನ ತನ್ನ ಕಚೇರಿಯಲ್ಲಿ ಆಟಿಸಂ ಇರುವ ಕೆಲವರನ್ನು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ತೆಗೆದುಕೊಂಡು ನೋಡಿತು. ಕೆಲಸ ಸರಿಹೋಗಿ 2013ರಲ್ಲಿ ಜಗತ್ತಿನಾದ್ಯಂತ ಅದನ್ನು ವಿಸ್ತರಿಸುವುದಾಗಿ ಸಾರಿತು. ನಮಗೆ ಇನ್ನೂ ಹತ್ತಿರದ್ದು ಹುಬ್ಬಳ್ಳಿ. 2017ರಲ್ಲಿ ಅಲೀನಾ ಆಲಂ ಎಂಬ ಯುವತಿ ಅಲ್ಲಿನ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ‘ಮಿಟ್ಟಿ ಕೆಫೆ’ ಶುರುಮಾಡಿದರು. ಚಹಾ ಸೋಸುವುದರಿಂದ ಹಿಡಿದು ಗಲ್ಲಾದವರೆಗೆ ಬೌದ್ಧಿಕ, ದೈಹಿಕ, ಮಾನಸಿಕ ವೈಕಲ್ಯ ಇರುವವರದೇ ಕೆಲಸ. 2023ರಲ್ಲಿ ಅದೇ ಕೆಫೆ ಸುಪ್ರೀಂ ಕೋರ್ಟಿನ ಆವರಣಕ್ಕೂ ಹೋಯಿತು. ಇವೆಲ್ಲ ಒಳ್ಳೆಯ ಸುದ್ದಿಗಳೇ. ಹಾಗೆಂದು ಶ್ರೀಮಂತ ದೇಶಗಳು ಈ ಲೆಕ್ಕ ಬಿಡಿಸಿಬಿಟ್ಟಿವೆ ಎಂದು ತಿಳಿಯಬೇಕಿಲ್ಲ. 2024ರಲ್ಲಿ ಬ್ರಿಟನ್ ಸರ್ಕಾರ ಪ್ರಕಟಿಸಿದ ಬಕ್‌ಲ್ಯಾಂಡ್ ವರದಿಯ ಪ್ರಕಾರ ಅಲ್ಲಿ ಆಟಿಸಂ ಇರುವ ದುಡಿಯುವ ವಯಸ್ಸಿನ ಹತ್ತು ಜನರಲ್ಲಿ ಕೆಲಸವಿರುವುದು ಸುಮಾರು ಮೂವರಿಗೆ.

ನನಗೆ ರಾಜೇಶ್ವರದ ಈ ಬಾರದಾನದ ಪಕ್ಕದಲ್ಲಿ ನೆನಪಾಗುವುದು ಬೇರೊಂದು ಸಣ್ಣ ಊರು. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್. ಲಿಯೊ ಕ್ಯಾನರ್ ಎಂಬ ವೈದ್ಯ 1943ರಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದ ಲೇಖನದಿಂದ ಆಟಿಸಂ ವೈದ್ಯಲೋಕದ ಕಣ್ಣಿಗೆ ಬಿತ್ತು. ಅದರ ಮೊದಲ ಮಗು ಡೊನಾಲ್ಡ್ ಟ್ರಿಪ್ಲೆಟ್ ಆ ಊರಿನವನು. ಅವನನ್ನು 1942ರಲ್ಲಿ ಹತ್ತಿರದ ಒಂದು ರೈತ ದಂಪತಿಯ ಮನೆಯಲ್ಲಿ ಬಿಟ್ಟರು. ಹುಡುಗನಿಗೆ ಅಳೆಯುವ ಹುಚ್ಚು. ಬಾವಿ ತೋಡು, ಎಷ್ಟು ಆಳ ಹೋಯಿತು ಹೇಳು ಎಂದರು. ಮೆಕ್ಕೆಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತ ನಿಲ್ಲುತ್ತಿದ್ದ. ಎಣಿಸು, ಆದರೆ ನೇಗಿಲು ಹೊಡೆಯುತ್ತ ಎಣಿಸು ಎಂದರು. ಕ್ಯಾನರ್ 1945ರಲ್ಲಿ ನೋಡಲು ಹೋದಾಗ ಹುಡುಗ ಕುದುರೆ ಕಟ್ಟಿದ ನೇಗಿಲು ಹಿಡಿದು ಆರು ಉದ್ದನೆಯ ಸಾಲು ಹೊಡೆದು ತೋರಿಸಿದ. ಆ ರೈತ ಯಾವ ತರಬೇತಿಯನ್ನೂ ಪಡೆದವನಲ್ಲ. ಹುಚ್ಚು ಬಿಡಿಸಲು ಹೋಗಲಿಲ್ಲ, ಅದಕ್ಕೊಂದು ನೊಗ ಕಟ್ಟಿದ, ಅಷ್ಟೇ. ಡೊನಾಲ್ಡ್ ಮುಂದೆ ಪದವಿ ಪಡೆದ, ಊರಿನ ಬ್ಯಾಂಕಿನಲ್ಲಿ ದಶಕಗಟ್ಟಲೆ ದುಡಿದ, 2023ರಲ್ಲಿ 89ರ ವಯಸ್ಸಿನಲ್ಲಿ ತೀರಿಕೊಂಡ. ಬ್ಯಾಂಕಿನಲ್ಲಿ ಅವನ ಮನೆಯವರ ಪಾಲಿತ್ತು ಎಂಬುದನ್ನೂ ಹೇಳಬೇಕು. ಎಲ್ಲರ ಮನೆಯಲ್ಲೂ ಬ್ಯಾಂಕು ಇರುವುದಿಲ್ಲ. ಕ್ಯಾನರ್ 1971ರಲ್ಲಿ ಆ ಹನ್ನೊಂದು ಮಂದಿಯ ಬೆನ್ನು ಹಿಡಿದು ಹೋದಾಗ, ಆಸ್ಪತ್ರೆಯಂಥ ಸರ್ಕಾರಿ ಸಂಸ್ಥೆಗಳಿಗೆ ಸೇರಿಸಿದವರು ಇದ್ದ ಶಕ್ತಿಯನ್ನೂ ಕಳೆದುಕೊಂಡಿದ್ದರು.

ದಬ್ಬಣ ಕೊಟ್ಟು, ಮಷಿನ್ನನ್ನು ಮೂಲೆಗಿಟ್ಟು, ರಸ್ತೆಗೆ ಬೆನ್ನು ಮಾಡಿ ಕೂರಿಸಿದ ನಮ್ಮ ಸಾವ್ಕಾರನೂ ಆ ರೈತ ಮಾಡಿದ್ದನ್ನೇ ಮಾಡಿದ್ದಾನೆ. ದೊಡ್ಡ ಕಂಪನಿಗಳು ತರಬೇತುದಾರರನ್ನು ಕರೆಸಿ ಕಲಿಯುವುದನ್ನು ಅವನು ನೋಡಿ ನೋಡಿ ಕಲಿತ. ಅಲ್ಲಿಗೆ ಅವನು ಪಾಸು. ಕೂಲಿಯ ಮಾತು ಬಂದಾಗ ನಪಾಸು.

ಬಸವಕಲ್ಯಾಣ ಇಲ್ಲಿಂದ ದೂರವೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಹಗ್ಗ ಹೊಸೆಯುವವನೂ ಬಟ್ಟೆ ಒಗೆಯುವವನೂ ದೋಣಿ ನಡೆಸುವವನೂ ತಮ್ಮ ಕಸುಬಿನ ಹೆಸರಿನಿಂದಲೇ ಗುರುತಾದ ಊರು. ಇಲ್ಲಿನ ವೇದಿಕೆಗಳಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕತೆ ಹೇಳದ ಭಾಷಣವಿಲ್ಲ. ಗಂಡ ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದ, ಹೆಂಡತಿ ಮರಳಿ ಸುರಿದು ಬಾ ಎಂದಳು. ಹೆಚ್ಚು ತಂದವನನ್ನು ತಿದ್ದಿದ ಕತೆಯನ್ನು ಸಾವ್ಕಾರನೂ ಕೇಳಿದ್ದಾನೆ, ಹಮಾಲರೂ ಕೇಳಿದ್ದಾರೆ. ದಿನವಿಡೀ ದುಡಿದು ಏನೂ ತಾರದೆ ಮನೆಗೆ ಹೋಗುವವನ ಮಾತು ಮಾತ್ರ ಯಾವ ಭಾಷಣದಲ್ಲೂ ಬರುವುದಿಲ್ಲ.

ಕೂಲಿಯ ಮಾತನ್ನು ಕೊನೆಗೆ ಎತ್ತಿದವನು ಒಬ್ಬ ಮುದಿ ಹಮಾಲ. ತುಂಬುವುದು, ತೂಗುವುದು, ಹೊಲಿಯುವುದು, ಹೊರುವುದು ಎಲ್ಲ ಸೇರಿ ಚೀಲಕ್ಕೆ ಇಷ್ಟು ಎಂದು ಹಮಾಲಿ. ಹೊಲಿಯುವವನು ಹುಡುಗ, ಹೊಲಿಗೆಯ ಪಾಲು ಹಂಚಿಕೊಳ್ಳುವವರು ತಾವು. ‘ಸಾವ್ಕಾರ್ರು ಕೊಡದಂಗ ಇಲ್ರಿ, ಕೊಟ್ಟಾರ. ಅದು ನಮ್ಮ ಕಿಸೇದಾಗ ಹೊಂಟದ’ ಎಂದ ಅವನು, ಬೀಡಿ ಆರಿಸಿ. ಉಳಿದ ಹಮಾಲರು ಅವನನ್ನು ದುರುಗುಟ್ಟಿ ನೋಡಿದರು. ಅವರಿಗೂ ಮನೆ, ಸಾಲ, ಮಕ್ಕಳ ಫೀಸು ಇದೆ.

ಸುದ್ದಿ ತಾಯಿಯ ಕಿವಿಗೆ ಬಿತ್ತು. ಮರುದಿನ ಸೆರಗು ಸಿಕ್ಕಿಸಿಕೊಂಡು ಅಂಗಡಿಗೇ ಬಂದಳು. ‘ಅಣ್ಣಾರೀ, ಅವನ ಕೈಯಾಗ ಕೊಡಬ್ಯಾಡ್ರಿ, ನನ್ನ ಕೈಯಾಗೂ ಬ್ಯಾಡ. ನಿಮ್ಮ ವಹಿದಾಗ ಅವನ ಹೆಸರು ಬರೀರಿ. ನಾ ಸತ್ತ ಮ್ಯಾಲ ಅವನ ತಮ್ಮ ಬಂದು ಕೇಳಿದ್ರ ತೋರಿಸ್ಲಿಕ್ಕ ಇರಲಿ.’ ಬ್ಯಾಂಕಿನ ಖಾತೆಗೆ ಅಂಗೂಠ ಯಾರು ಒತ್ತಬೇಕು, ಪೋಷಕತ್ವದ ಕಾಗದಕ್ಕೆ ಬೀದರಿನಲ್ಲಿ ಜಿಲ್ಲಾಧಿಕಾರಿಗಳ ಸಮಿತಿಯ ಮುಂದೆ ಹೋಗಬೇಕಂತೆ, ಅದಕ್ಕೆಷ್ಟು ದಿನ, ಎಲ್ಲವನ್ನೂ ಕೇಳಿದಳು. ಮುನೀಮನಿಗೆ ಗೊತ್ತಿರಲಿಲ್ಲ. ಪಂಚಾಯಿತಿಯ ಕಾರ್ಯಕರ್ತನಿಗೆ ಫೋನು ಹಚ್ಚಿದ.

ದೀಪಾವಳಿಗೆ ಹೊಸ ವಹಿ ಪೂಜೆಯಾಗುತ್ತದೆ, ಅದರಲ್ಲಿ ಒಂದು ಪುಟ ಅವನಿಗೆ ಎಂದು ಸಾವ್ಕಾರ ಒಪ್ಪಿದ್ದಾನೆ. ದರದ ಮೇಲೆ ಮಾತ್ರ ಜಗಳ ಹರಿದಿಲ್ಲ. ಹಮಾಲಿಯಲ್ಲಿ ಹೊಲಿಗೆಗೆ ಎರಡಾಣೆ ಭಾಗ ಸಾಕು ಎಂದು ಹಮಾಲರು, ನಾಲ್ಕಾಣೆಗೆ ಕಡಿಮೆ ಮಾತೇ ಬೇಡ ಎಂದು ತಾಯಿ.